ನಾಳೆ ತೆರೆಗೆ ಬರುವ ಹುಸೇನಬಿ

ಬಿಡುಗಡೆಯಾಗುವ ತನಕ ಜಗತ್ತಿನ ಎಲ್ಲ ಸಿನಿಮಾಗಳೂ ಚೆನ್ನಾಗಿಯೇ ಇರುತ್ತವೆ. ಕೆಡುವುದೇನಿದ್ದರೂ ಶುಕ್ರವಾರ ಬೆಳಗಿನ ಆಟ ಮುಗಿದ ಮೇಲೆ. ಈ ಸತ್ಯವನ್ನು ನನ್ನಷ್ಟು ಚೆನ್ನಾಗಿ ಬಲ್ಲವರು ರಾಯಚೂರಿನಲ್ಲಿ ಇನ್ನೊಬ್ಬರಿಲ್ಲ. ಏಕೆಂದರೆ ಇಲ್ಲಿನ ಪುಟ್ಟ ದಿನಪತ್ರಿಕೆಯೊಂದರಲ್ಲಿ ಪ್ರತಿ ಗುರುವಾರ ‘ನಾಳೆ ತೆರೆಗೆ’ ಎಂಬ ಅಂಕಣ ಬರೆಯುವವನು ನಾನು. ಆ ವಾರ ಊರಿಗೆ ಬರುವ ಕನ್ನಡ, ತೆಲುಗು, ಹಿಂದಿ ಸಿನಿಮಾಗಳನ್ನು ಓದುಗರಿಗೆ ಮುಂಚಿತವಾಗಿ ಪರಿಚಯಿಸುವುದು ನನ್ನ ಕೆಲಸ. ಇದಕ್ಕೆ ಸಿನಿಮಾ ನೋಡುವ ಅಗತ್ಯವಿಲ್ಲ. ನೋಡೋಣವೆಂದರೂ ಆಗದು, ಅದಿನ್ನೂ ಬಂದೇ ಇರುವುದಿಲ್ಲವಲ್ಲ! ಬುಧವಾರ ಮಧ್ಯಾಹ್ನ ಬೆಂಗಳೂರಿನಿಂದ ಒಂದು ಪುಟದ ಪ್ರಚಾರ ಪತ್ರ ಮತ್ತು ಎರಡು ಫೋಟೊ ನನ್ನ ಮೊಬೈಲಿಗೆ ಬಂದು ಬೀಳುತ್ತವೆ. ನಾಯಕ ಕೈಯಲ್ಲಿ ಮಚ್ಚು ಹಿಡಿದಿದ್ದರೆ ‘ಮೈನವಿರೇಳಿಸುವ’ ಎಂದು ಬರೆಯುತ್ತೇನೆ. ಹೂ ಹಿಡಿದಿದ್ದರೆ ‘ನವಿರಾದ’. ಎರಡನ್ನೂ ಹಿಡಿದಿದ್ದರೆ ‘ವಿಭಿನ್ನ’. ಬರಿಗೈಯಲ್ಲಿ ಆಕಾಶ ನೋಡುತ್ತ ನಿಂತಿದ್ದರೆ ‘ಮನಮಿಡಿಯುವ’. ಹನ್ನೊಂದು ವರ್ಷಗಳಿಂದ ಈ ನಾಲ್ಕು ಪದಗಳು ನನ್ನ ಕೈಬಿಟ್ಟಿಲ್ಲ.

ಕೈಬಿಟ್ಟವರು ಬೇರೆ ಇದ್ದಾರೆ. ದೇವದುರ್ಗದಲ್ಲಿರುವ ನನ್ನ ಭಾವಮೈದುನ ಬಸವರಾಜನ ವಿಷಯವನ್ನೇ ತೆಗೆದುಕೊಳ್ಳಿ. ಹೊಸದಾಗಿ ಮದುವೆಯಾಗಿದ್ದಾಗ ಅವನು ನನ್ನ ಅಂಕಣದಲ್ಲಿ ‘ಕುಟುಂಬ ಸಮೇತ ನೋಡಬಹುದಾದ ಚಿತ್ರ’ ಎಂಬ ಮಾತನ್ನು ಓದಿ, ಅತ್ತೆ ಮಾವನನ್ನು ಬಸ್ಸಿನಲ್ಲಿ ರಾಯಚೂರಿಗೆ ಕರೆತಂದು ಸಿನಿಮಾ ತೋರಿಸಿದ. ಮಧ್ಯಂತರಕ್ಕೆ ಮೊದಲೇ ಆರು ಕೊಲೆಗಳಾದವಂತೆ. ಏಳನೆಯದಕ್ಕೆ ಅವನ ಅತ್ತೆ ಎದ್ದು ನಿಂತು, “ಅಳಿಯಂದ್ರ, ನಮ್ಮ ಮ್ಯಾಲ ನಿಮಗೇನರ ಸಿಟ್ಟ್ ಅದ ಏನ್ರೀ?” ಎಂದು ಕೇಳಿದರಂತೆ. ಅಂದಿನಿಂದ ಬಸವರಾಜ ನನ್ನ ಅಂಕಣವನ್ನು ಮೊದಲಿಗಿಂತ ಹೆಚ್ಚು ಶ್ರದ್ಧೆಯಿಂದ ಓದುತ್ತಾನೆ, ತಿರುಗಾಮುರುಗಾ ಅರ್ಥ ಮಾಡಿಕೊಂಡು. ‘ಬಿಗಿಯಾದ ಚಿತ್ರಕಥೆ’ ಎಂದು ನಾನು ಬರೆದರೆ ಮೂರು ತಾಸಿನ ಸಿನಿಮಾ ಎಂದು ತಿಳಿದು ದಿಂಬು ಒಯ್ಯುವ ಯೋಚನೆ ಮಾಡುತ್ತಾನೆ. ‘ಹೊಸ ಪ್ರತಿಭೆ’ ಎಂದಿದ್ದರೆ ಅದು ನಿರ್ಮಾಪಕರ ಮಗ. ಅವನ ಲೆಕ್ಕ ಒಮ್ಮೆಯೂ ತಪ್ಪಿಲ್ಲವೆಂದು ನನ್ನ ಹೆಂಡತಿ ಗಿರಿಜಾ ಹೆಮ್ಮೆಯಿಂದ ಹೇಳಿಕೊಳ್ಳುತ್ತಾಳೆ. ಹೆಮ್ಮೆ ತಮ್ಮನ ಬಗ್ಗೆ, ನನ್ನ ಬಗ್ಗೆ ಅಲ್ಲ.

ಹಾಗಾದರೆ ಬಿಡುಗಡೆಯಾದ ಮೇಲಾದರೂ ಹೋಗಿ ನೋಡಬಾರದೇ ಎಂದು ನೀವು ಕೇಳಬಹುದು. ಗಿರಿಜಾ ಕೇಳಿ ಕೇಳಿ ಬಿಟ್ಟಿದ್ದಾಳೆ. ನಿಜ ಹೇಳಬೇಕೆಂದರೆ ನನಗೆ ಭಯ. ಬುಧವಾರ ನಾನು ಬರೆದ ಸಿನಿಮಾ ಎಷ್ಟು ಸೊಗಸಾಗಿರುತ್ತದೆಂದರೆ, ಶುಕ್ರವಾರ ಬಂದ ಸಿನಿಮಾ ಅದನ್ನು ಹಾಳುಮಾಡುವುದನ್ನು ನೋಡಲು ಮನಸ್ಸು ಬರುವುದಿಲ್ಲ. ಮಾವಿನ ಹಣ್ಣನ್ನು ಮೂಸಿ ನೋಡಿ ಬುಟ್ಟಿಯಲ್ಲೇ ಬಿಟ್ಟು ಬರುವ ಗಿರಾಕಿಯಂತೆ ನಾನು. ಹುಳಿಯೋ ಸಿಹಿಯೋ, ಕೊಂಡವರ ಪಾಡು.

ಹೀಗೆ ಸುಖವಾಗಿದ್ದ ನನ್ನ ಬಳಿಗೆ ಒಂದು ಬುಧವಾರ ಹುಸೇನಬಿ ಬಂದರು. ಮಾನ್ವಿ ತಾಲೂಕಿನ ಬಾಗಲವಾಡದವರು, ಅರವತ್ತರ ಆಸುಪಾಸಿನ ಹೆಣ್ಣುಮಗಳು. ಜೋಳದ ರೊಟ್ಟಿ ಬಡಿದು ಮಾರುವುದು ಅವರ ಕಸುಬು. ಬೆಳಗಿನ ಬಸ್ಸಿಗೆ ಮಾನ್ವಿಗೆ ಬಂದು, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು, ತೀನ್ ಕಂದೀಲ್ ವೃತ್ತದ ಹತ್ತಿರ ನಾಲ್ಕು ಜನರನ್ನು ಕೇಳಿಕೊಂಡು ನಮ್ಮ ಕಚೇರಿ ಹುಡುಕಿದ್ದರು. ಸೆರಗನ್ನು ತಲೆಯ ಮೇಲೆ ಸರಿಪಡಿಸಿಕೊಂಡು ನನ್ನ ಮೇಜಿನ ಎದುರು ಕೂತು, ಸುತ್ತುಬಳಸದೆ ಹೇಳಿದರು: “ಸಾಬ್, ನಾಡಿದ್ದ ಬರೋ ಸಿನಿಮಾದಾಗ ನಾ ಅದೀನಿ. ಪೇಪರ್‌ನ್ಯಾಗ ನನ್ನ ಹೆಸರು ಹಾಕ್ರಿ.”

ಎರಡು ವರ್ಷಗಳ ಹಿಂದೆ ಬಾಗಲವಾಡದ ಹೊರಗೆ, ಕಾಲುವೆ ಪಕ್ಕದ ಒಂದು ಮನೆಯಲ್ಲಿ ಕನ್ನಡ ಸಿನಿಮಾವೊಂದರ ಚಿತ್ರೀಕರಣ ನಡೆದಿತ್ತಂತೆ. ಹಗ್ಗ ಕಟ್ಟಿ ಊರವರನ್ನು ದೂರ ನಿಲ್ಲಿಸಿ, ಹುಸೇನಬಿಯನ್ನು ಮಾತ್ರ ಒಳಗೆ ಕರೆದಿದ್ದರು. “ಮೂರು ದಿನ ಕ್ಯಾಮೆರಾ ಹಿಡಿದಾರ್ರೀ. ಒಲಿ ಹಚ್ಚು ಅಂದ್ರು, ಹಚ್ಚಿದೆ. ಬಾಗಿಲಾಗ ನಿಲ್ಲು ಅಂದ್ರು, ನಿಂತೆ. ರೊಟ್ಟಿ ಬಡಿ ಅಂದ್ರು, ಬಡಿದೆ. ನಗು ಅಂದ್ರು. ಅದೊಂದು ಜಲ್ದಿ ಬರಲಿಲ್ಲ, ನಾಕ್ ಸಲ ನಕ್ಕೆ.” ಊರಿಗೆ ಬಂದು ಇದನ್ನೆಲ್ಲ ಹೇಳಿದರೆ ಒಬ್ಬರೂ ನಂಬಲಿಲ್ಲ. “ಸಿನಿಮಾದವರಿಗೆ ರೊಟ್ಟಿ ಬಡಿಯಾಕ ಕರದಿದ್ರು, ಇಕಿ ಆ್ಯಕ್ಟಿಂಗ್ ಮಾಡೀನಿ ಅಂತಾಳ” ಎಂದು ನಕ್ಕರು. ಎರಡು ವರ್ಷ ಸಿನಿಮಾ ಬರಲೇ ಇಲ್ಲ. ನಗು ಮಾತ್ರ ದಿನಾ ಬಂತು. ರೊಟ್ಟಿ ಒಯ್ಯಲು ಬಂದವರೆಲ್ಲ “ಹೀರೋಯಿನ್ ಅದಾಳೇನು?” ಎಂದೇ ಕೂಗುತ್ತಿದ್ದರಂತೆ. “ಹೊಟ್ಟಿಗೆ ಕಡಿಮಿ ಇಲ್ಲ ಸಾಬ್. ಆದ್ರ ಈ ವಯಸ್ಸಿನ್ಯಾಗ ಸುಳ್ಳಿ ಅನಿಸ್ಕೊಂಡು ಬದುಕಾಕ ಆಗಂಗಿಲ್ಲ ನೋಡ್ರಿ” ಎಂದರು.

ಅವರು ಹೋದ ಮೇಲೆ ನಾನು ಬೆಂಗಳೂರಿಗೆ ಫೋನು ಮಾಡಿ ಪ್ರಚಾರದವನನ್ನು ಕೇಳಿದೆ. “ಇರಬಹುದು ಸಾರ್, ಇಲ್ಲದೆಯೂ ಇರಬಹುದು” ಎಂದು ಅವನು ನನ್ನ ಅಂಕಣದ ಭಾಷೆಯಲ್ಲೇ ಉತ್ತರಿಸಿದ. ಹುಸೇನಬಿಯನ್ನು ನಾನು ನಂಬಿದೆನೇ? ಇಲ್ಲ, ಬಾಗಲವಾಡದವರು ಹೇಳುವುದೇ ನಿಜವಿರಬೇಕು ಅನ್ನಿಸಿತು. ಆದರೆ ಪುಟದಲ್ಲಿ ಎರಡು ಸಾಲಿನಷ್ಟು ಜಾಗ ಖಾಲಿ ಉಳಿದಿತ್ತು. ಬೆರಳುಗಳು ಅಭ್ಯಾಸಬಲದಿಂದ ಓಡಿದವು: ‘ನಮ್ಮ ಜಿಲ್ಲೆಯ ಬಾಗಲವಾಡದ ಹುಸೇನಬಿ ಅವರ ಮನಮಿಡಿಯುವ ಅಭಿನಯ ಈ ಚಿತ್ರದ ಜೀವಾಳ.’ ಪುಟ ತುಂಬಿತು. ಮನೆಗೆ ಹೋಗಿ ಉಂಡು ಮಲಗಿದೆ.

ಗುರುವಾರ ಬೆಳಿಗ್ಗೆ ಬಾಗಲವಾಡದ ಹೆಡ್‌ಮಾಸ್ತರರು ಫೋನು ಮಾಡಿದರು. ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ನನ್ನ ಎರಡು ಸಾಲುಗಳನ್ನು ಗಟ್ಟಿಯಾಗಿ ಓದಲಾಗಿತ್ತು. “ಸರ, ಇಡೀ ಊರೇ ಬರಾಕತ್ತದ. ಎರಡು ಟೆಂಪೊ ಮಾಡೀವಿ. ನಾಳೆ ಮಧ್ಯಾಹ್ನದ ಆಟಕ್ಕ ನೀವೂ ಬರ್ರಿ. ಜೀವಾಳ ಅಂತ ಬರದೀರಿ, ನೀವ ಬರಲಿಲ್ಲಂದ್ರ ಹೆಂಗ?” ಹನ್ನೊಂದು ವರ್ಷದಲ್ಲಿ ನನ್ನ ಮಾತನ್ನು ಒಂದು ಊರು ಒಟ್ಟಾಗಿ ನಂಬಿದ್ದು ಅದೇ ಮೊದಲು. ನಂಬಲಿ ಎಂದು ನಾನು ಯಾವತ್ತೂ ಬರೆದವನೇ ಅಲ್ಲ. ಕೂಡಲೇ ಮೊಬೈಲಿನಲ್ಲಿ ಆ ಸಿನಿಮಾದ ಟ್ರೈಲರ್ ಹಾಕಿಕೊಂಡು, ನಿಲ್ಲಿಸಿ ನಿಲ್ಲಿಸಿ ಹತ್ತು ಸಲ ನೋಡಿದೆ. ಅದರಲ್ಲಿ ಒಬ್ಬ ಅಜ್ಜಿಯಿದ್ದಳು, ಬಾಗಿಲಲ್ಲಿ ನಿಂತು ನಗುತ್ತಿದ್ದಳು. ಆದರೆ ಅದು ಹುಸೇನಬಿಯಲ್ಲ, ಟಿ.ವಿ. ಧಾರಾವಾಹಿಗಳಲ್ಲಿ ದಿನಾ ಅಳುವ ಬೆಂಗಳೂರಿನ ನಟಿ. ಇದ್ದ ಒಂದು ಅಜ್ಜಿಯ ಪಾತ್ರವೂ ಹೋಯಿತಲ್ಲ ಎಂದು ತಲೆ ಮೇಲೆ ಕೈ ಹೊತ್ತು ಕೂತೆ. ಗಿರಿಜಾ ನನ್ನ ಮುಖ ನೋಡಿ ವಿಷಯ ತಿಳಿದುಕೊಂಡು, “ನಾಳೆ ಜ್ವರ ಬಂದದ ಅಂತ ಮಲಗ್ತೀರೇನು? ನಡೀರಿ, ನಾನೂ ಬರ್ತೀನಿ. ಆ ಹೆಣ್ಣುಮಗಳ ಬಾಜೂಕ ಯಾರರ ಕುಂದ್ರಬೇಕಲ್ಲ” ಎಂದಳು. ಜ್ವರದ ಯೋಚನೆ ಅವಳಿಗೆ ಹೇಗೆ ತಿಳಿಯಿತೋ ಗೊತ್ತಿಲ್ಲ.

ಶುಕ್ರವಾರ ಮಧ್ಯಾಹ್ನ ನಾವು ಹೋದಾಗ ಎದುರುಗಡೆಯ ಟಾಕೀಸಿನಲ್ಲಿ ತೆಲುಗು ಸಿನಿಮಾಕ್ಕೆ ಜಾತ್ರೆ ನೆರೆದಿತ್ತು. ನಮ್ಮ ಕನ್ನಡ ಸಿನಿಮಾಕ್ಕೆ ಬಾಗಲವಾಡ ಬಿಟ್ಟರೆ ಬಂದವರು ಏಳೆಂಟು ಮಂದಿ. ಇಷ್ಟೊಂದು ಜನ ಕುಟುಂಬ ಸಮೇತ ಬಂದದ್ದನ್ನು ಕಂಡು ಟಾಕೀಸಿನ ಮ್ಯಾನೇಜರ್ ಗಲಿಬಿಲಿಗೊಂಡು ಫ್ಯಾನುಗಳನ್ನೆಲ್ಲ ಹಾಕಿಸಿದ. ಹುಸೇನಬಿ ಹಬ್ಬಕ್ಕೆಂದು ತೆಗೆದಿರಿಸಿದ್ದ ಹಸಿರು ಸೀರೆ ಉಟ್ಟಿದ್ದರು. ನಾನು, ಗಿರಿಜಾ, ಹುಸೇನಬಿ, ಹೆಡ್‌ಮಾಸ್ತರರು ಒಂದೇ ಸಾಲಿನಲ್ಲಿ ಕೂತೆವು. ಕಾಲುವೆ ಕಂಡಿತು, ಊರವರು ಸಿಳ್ಳೆ ಹಾಕಿದರು. ಆ ಮನೆ ಕಂಡಿತು, ಮತ್ತೆ ಸಿಳ್ಳೆ. ಬಾಗಿಲು ತೆರೆದು ಅಜ್ಜಿ ಹೊರಬಂದಳು. ಸಿಳ್ಳೆ ಅರ್ಧಕ್ಕೆ ನಿಂತಿತು. ನಾನು ಕುರ್ಚಿಯಲ್ಲಿ ಎಷ್ಟು ಸಾಧ್ಯವೋ ಅಷ್ಟು ಕೆಳಗೆ ಜಾರಿದೆ.

ಮಧ್ಯಂತರದಲ್ಲಿ ಯಾರೂ ನಗಲಿಲ್ಲ. ನಕ್ಕಿದ್ದರೇ ಚೆನ್ನಾಗಿತ್ತು. ಪಾಪ ಎಂಬಂತೆ ಹುಸೇನಬಿಯ ಕಡೆ ನೋಡಿ ಬೇರೆ ಕಡೆ ಮುಖ ತಿರುಗಿಸುತ್ತಿದ್ದರು. ಗಿರಿಜಾ ತಂದುಕೊಟ್ಟ ಚಹಾ ಹುಸೇನಬಿಯ ಕೈಯಲ್ಲೇ ಆರಿತು. ಹೆಡ್‌ಮಾಸ್ತರರು ನನ್ನನ್ನು ಪಕ್ಕಕ್ಕೆ ಕರೆದು, “ಸರ, ಅಕಿ ಎಲ್ಲಿ ಬರ್ತಾಳ್ರೀ?” ಎಂದು ಮೆತ್ತಗೆ ಕೇಳಿದರು. “ಮುಂದ ಬರ್ತಾರ್ರೀ” ಎಂದೆ. ಅಷ್ಟು ಕೆಟ್ಟ ಸುಳ್ಳನ್ನು ನಾನು ಅಂಕಣದಲ್ಲೂ ಬರೆದಿರಲಿಲ್ಲ. ನನ್ನ ಎರಡು ಸಾಲು ಇರದಿದ್ದರೆ ಹುಸೇನಬಿ ಬರೀ ಊರಿನ ಓಣಿಯಲ್ಲಿ ಸುಳ್ಳಿಯಾಗಿರುತ್ತಿದ್ದರು. ಈಗ ರಾಯಚೂರಿಗೆ ಕರೆಸಿ, ದೊಡ್ಡ ಪರದೆಯ ಮೇಲೆ ಸುಳ್ಳಿ ಮಾಡಿದ್ದೆ.

ಮಧ್ಯಂತರದ ನಂತರ ಕಥೆ ಎಲ್ಲೆಲ್ಲೋ ಹೋಯಿತು; ನನಗೆ ಒಂದೂ ತಲೆಗೆ ಹತ್ತಲಿಲ್ಲ. ಕೊನೆಗೆ ನಾಯಕ ಸೋತು ಸುಣ್ಣವಾಗಿ ಮನೆಗೆ ಮರಳಿದ. ಅಜ್ಜಿ ಏನೂ ಕೇಳದೆ ಒಲೆಯ ಮುಂದೆ ಕೂತಳು. ಸಂಗೀತ ನಿಂತಿತು. ಇಡೀ ಪರದೆಯ ತುಂಬ ಎರಡು ಕೈಗಳು. ಹಿಟ್ಟಿನ ಉಂಡೆಯನ್ನು ತಟ್ಟುತ್ತಾ, ತಿರುವುತ್ತಾ, ಮತ್ತೆ ತಟ್ಟುತ್ತಾ. ಬಲಗೈಯ ಕಿರುಬೆರಳು ಮಾತ್ರ ರೊಟ್ಟಿಗೆ ತಾಗದೆ ಮೇಲಕ್ಕೆ ನಿಂತಿತ್ತು. ಟಾಕೀಸಿನಲ್ಲಿ ತಟ್ ತಟ್ ಸದ್ದು ಬಿಟ್ಟರೆ ಬೇರೇನಿಲ್ಲ. ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಚೀರಿದಳು: “ಯವ್ವಾ! ಕಿರುಬೆಳ್ಳ ನೋಡ್ರಿ, ಹುಸೇನಬಿ ಕೈ ಅವು!” “ಹೌದಲೇ, ಹುಸೇನಬಿ ರೊಟ್ಟಿನ ಅದು!” ಎಂದು ಇನ್ನೊಂದು ದನಿ. ಆಮೇಲೆ ಯಾರ ದನಿ ಯಾವುದೆಂದು ತಿಳಿಯಲಿಲ್ಲ. ಊರಿಗೆ ಊರೇ ಎದ್ದು ನಿಂತು ಕೂಗುತ್ತಿತ್ತು. ಪರದೆಯ ಮೇಲೆ ನಾಯಕ ರೊಟ್ಟಿ ಮುರಿದು ಬಾಯಿಗಿಟ್ಟು ಅತ್ತ. ಆ ರೊಟ್ಟಿಯನ್ನು ನಿಜವಾಗಿ ತಿಂದವರೆಲ್ಲ ಇತ್ತ ಕಡೆ ಕಣ್ಣೊರೆಸಿಕೊಂಡರು. ನಾನೂ ಅತ್ತೆ ಎಂದು ಹೇಳಿಕೊಳ್ಳಲು ನಾಚಿಕೆಯಿಲ್ಲ. ನಾನು ಬರೆದಿದ್ದ ಪದವೊಂದು ನಿಜವಾದದ್ದನ್ನು ಅದೇ ಮೊದಲು ಕಂಡೆ.

ಹೊರಗೆ ಬಂದಾಗ ಹುಸೇನಬಿಯ ಸುತ್ತ ಹೆಂಗಸರು ಮುತ್ತಿ, ಅವರ ಕೈಗಳನ್ನು ಹಿಡಿದು ಹಿಡಿದು ನೋಡುತ್ತಿದ್ದರು. ಹೆಡ್‌ಮಾಸ್ತರರು ಊರಿನ ಪರವಾಗಿ ರಾಜಿ ತೀರ್ಪು ಕೊಟ್ಟರು: “ರೊಟ್ಟಿ ಬಡಿಯಾಕ ಕರದಿದ್ರು ಅಂತ ನಾವಂದಿದ್ದೂ ಖರೇ. ಸಿನಿಮಾದಾಗ ಅದೀನಿ ಅಂತ ಅಕಿ ಅಂದಿದ್ದೂ ಖರೇ.” ಮುಖ ಕಾಣಲಿಲ್ಲವೆಂದು ಬೇಸರವಾಯಿತೇ ಎಂದು ಗಿರಿಜಾ ಕೇಳಿದಳು. “ಆ ಬೆಂಗಳೂರಿನ ಅಕ್ಕಗ ಪಾಪ ರೊಟ್ಟಿ ಬಡಿಯಾಕ ಬರ್ತಿದ್ದಿಲ್ಲ ಕಾಣ್ತದವ್ವಾ. ನನಗ ನಗಾಕ ಬರ್ತಿದ್ದಿಲ್ಲ. ನಗು ಅಕಿದು, ರೊಟ್ಟಿ ನಂದು” ಎಂದು ಹುಸೇನಬಿ ಈಗ ಒಂದೇ ಸಲಕ್ಕೆ ಚೆನ್ನಾಗಿ ನಕ್ಕರು.

ಟೆಂಪೊ ಹತ್ತುವ ಮೊದಲು ನನ್ನ ಹತ್ತಿರ ಬಂದು, “ಸಾಬ್, ನೀವು ಮದ್ಲ ನೋಡಿ ಬರದೀರಿ. ಬರೇ ಕೈ ಅದಾವ ಅಂತ ಒಂದ್ ಮಾತ್ ಹೇಳಬಾರದೇನ್ರೀ? ಅರ್ಧ ಸಿನಿಮಾ ನನ್ನ ಜೀವ ಬಾಯಾಗ ಬಂದಿತ್ತು” ಎಂದರು. ಆ ಹೊತ್ತಿನಲ್ಲಿ ಇನ್ನೊಂದು ಸುಳ್ಳು ಹೇಳಲು ನನ್ನಿಂದಾಗಲಿಲ್ಲ. “ಇಲ್ರೀ, ನಾ ನೋಡಿದ್ದಿಲ್ಲ. ನೋಡಲಾರದ ಬರದೀನಿ” ಎಂದುಬಿಟ್ಟೆ. ಬೈಗುಳಕ್ಕೆ ಸಿದ್ಧನಾಗಿ ನಿಂತೆ.

ಹುಸೇನಬಿಯ ಕಣ್ಣು ತುಂಬಿಕೊಂಡಿತು. ಥಟ್ಟನೆ ಟೆಂಪೊ ಕಡೆ ತಿರುಗಿ ಕೂಗಿ ಹೇಳಿದರು: “ಕೇಳಿದ್ರೇನು? ಎರಡ್ ವರ್ಷ ಬಾಯಿ ಬಡಕೊಂಡ್ರೂ ನೀವ್ಯಾರೂ ನಂಬಲಿಲ್ಲ. ಈ ಸಾಬ್ರು ಸಿನಿಮಾ ನೋಡೇ ಇಲ್ಲಂತ. ನನ್ನ ಮಾತ್ ಒಂದ ನಂಬಿ ಪೇಪರ್‌ನ್ಯಾಗ ಬರದಾರ!”

ಟೆಂಪೊದಲ್ಲಿದ್ದ ಬಾಗಲವಾಡದವರೆಲ್ಲ ತಪ್ಪಾಯಿತೆಂಬಂತೆ ತಲೆ ತಗ್ಗಿಸಿದರು. ನಾನೂ ತಗ್ಗಿಸಿದೆ. ಅದನ್ನು ಎಲ್ಲರೂ ವಿನಯವೆಂದೇ ತಿಳಿದರು, ಪಕ್ಕದಲ್ಲಿ ನಿಂತಿದ್ದ ಗಿರಿಜಾ ಒಬ್ಬಳನ್ನು ಬಿಟ್ಟು.