ಜಾಮೀನಿಗೊಬ್ಬರು ಬೇಕಾಗಿದ್ದಾರೆ

ಸಾಲ ಮಾಡಬಾರದು ಎಂದು ನನಗೆ ಬುದ್ಧಿ ಹೇಳಿದವರೆಲ್ಲ ಸಾಲಗಾರರೇ. ಇದನ್ನು ಯಾರ ಮೇಲಿನ ದೂರಾಗಿಯೂ ಹೇಳುತ್ತಿಲ್ಲ, ಆ ಬುದ್ಧಿ ಹೇಳುವವರಲ್ಲಿ ನಾನೂ ಒಬ್ಬ. ಹೈದರಾಬಾದಿನ ಒಂದು ಡಿಗ್ರಿ ಕಾಲೇಜಿನಲ್ಲಿ ಬ್ಯಾಂಕಿಂಗ್ ಪಾಠ ಮಾಡುತ್ತೇನೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂದು ತರಗತಿಯಲ್ಲಿ ಹೇಳಿ, ಕಂತಿನ ಮೇಲೆ ಕೊಂಡ ಸ್ಕೂಟರ್ ಹತ್ತಿ, ತಾರ್ನಾಕದ ಬಾಡಿಗೆ ಮನೆಗೆ ಬಂದು, ಕಂತಿನ ಮೇಲೆ ಕೊಂಡ ಫ್ರಿಜ್ಜಿನಿಂದ ತಣ್ಣೀರು ಕುಡಿದು ಕಾಲು ಚಾಚುತ್ತೇನೆ. ಹಾಸಿಗೆಯೂ ಕಂತಿನದೇ. ಅಂಗಡಿಯವನು ಬಡ್ಡಿಯೇ ಇಲ್ಲ ಸಾರ್ ಎಂದು ಅಷ್ಟು ಪ್ರೀತಿಯಿಂದ ಹೇಳಿದಾಗ ಬ್ಯಾಂಕಿಂಗ್ ಮೇಷ್ಟ್ರು ತಾನೇ ಏನು ಮಾಡಿಯಾನು?

ಇಂಥ ನನ್ನನ್ನು ಒಂದು ದಿನ ಸಾಲ ಕೊಡುವವರ ಕುರ್ಚಿಯಲ್ಲಿ ಕೂರಿಸಿದರು. ನಮ್ಮಲ್ಲಿ ಓದುವ ಮಕ್ಕಳಲ್ಲಿ ಬಹಳ ಮಂದಿ ಸ್ಕಾಲರ್‌ಶಿಪ್ ನಂಬಿ ಬಂದವರು. ಸ್ಕಾಲರ್‌ಶಿಪ್ ಬರುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ನೆಂಟರ ಹಾಗೆ ತನಗೆ ಬಿಡುವಾದಾಗ ಬರುತ್ತದೆ. ಅಷ್ಟರೊಳಗೆ ಹಾಸ್ಟೆಲ್ಲು, ಪುಸ್ತಕ, ಪರೀಕ್ಷಾ ಶುಲ್ಕ ಯಾವುದೂ ಕಾಯುವುದಿಲ್ಲ. ಇದನ್ನು ಕಂಡ ಹಳೆಯ ವಿದ್ಯಾರ್ಥಿಗಳು ಸೇರಿ ಒಂದಿಷ್ಟು ದುಡ್ಡು ಕೂಡಿಸಿ ಕೊಟ್ಟು, ತುರ್ತಾಗಿ ಬೇಕಾದವರಿಗೆ ಬಡ್ಡಿಯಿಲ್ಲದ ಕೈಗಡವಾಗಿ ಕೊಡಿ, ಸ್ಕಾಲರ್‌ಶಿಪ್ ಬಂದ ಮೇಲೆ ವಾಪಸು ತೆಗೆದುಕೊಳ್ಳಿ ಎಂದರು. ಪ್ರಿನ್ಸಿಪಾಲ್ ಮೇಡಂ ನನ್ನ ಕಡೆ ತಿರುಗಿ, "ನಿಯಮ ನೀವೇ ಬರೀರಿ, ನಿಮ್ಮದು ಬ್ಯಾಂಕಿಂಗ್ ಅಲ್ಲವಾ" ಅಂದರು. ಸೈಕಲ್ ಬಗ್ಗೆ ಓದಿದವನಿಗೆ ಸೈಕಲ್ ಹೊಡೆಯಲು ಬರುತ್ತದೆ ಎಂದು ನಂಬುವವರು ಇರುವವರೆಗೆ ನನ್ನಂಥವರ ಬದುಕಿಗೆ ತೊಂದರೆಯಿಲ್ಲ.

ನಾನು ಬರೆದೆ. ಬರೆದೆ ಅನ್ನುವುದಕ್ಕಿಂತ ನಮ್ಮ ನೌಕರರ ಸಹಕಾರ ಸಂಘದ ನಿಯಮಗಳನ್ನು ಮುಂದಿಟ್ಟುಕೊಂಡು ನಕಲು ಮಾಡಿದೆ ಅನ್ನಬೇಕು. ಒಂದು ಕಡೆ ಮಾತ್ರ ನನ್ನ ಸ್ವಂತ ಬುದ್ಧಿ ಓಡಿಸಿದೆ. ನಮ್ಮ ಸಂಘದಲ್ಲಿ ಎಲ್ಲರೂ ಎಲ್ಲರಿಗೂ ಜಾಮೀನು. ನಾನು ಲೈಬ್ರರಿಯವರಿಗೆ, ಲೈಬ್ರರಿಯವರು ಅಕೌಂಟೆಂಟ್ ರೆಡ್ಡಿಗಾರಿಗೆ, ರೆಡ್ಡಿಗಾರು ನನಗೆ. ಒಬ್ಬ ಜಾರಿದರೆ ಸಾಲಾಗಿ ಎಲ್ಲರೂ ಬೀಳುವ ಏರ್ಪಾಡು. ಮಕ್ಕಳ ನಿಧಿಗೆ ಈ ಗತಿ ಬರಬಾರದೆಂದು, 'ಜಾಮೀನು ಹಾಕುವವರು ಕಾಲೇಜಿಗೆ ಸೇರಿದವರಾಗಿರಬೇಕು, ಅವರ ತಲೆಯ ಮೇಲೆ ಯಾವ ಸಾಲವೂ ಇರಬಾರದು' ಎಂದು ಸೇರಿಸಿದೆ. ಸಭೆಯಲ್ಲಿ ಎಲ್ಲರೂ ಸಮೋಸ ತಿನ್ನುತ್ತ ಭೇಷ್ ಅಂದರು. ಆ ಸಾಲು ನಮ್ಮಲ್ಲಿ ಯಾರನ್ನು ಒಳಗೆ ಬಿಡುತ್ತದೆ ಎಂದು ಯಾರೂ ಕೇಳಲಿಲ್ಲ. ಸಮೋಸ ಬಿಸಿಯಾಗಿತ್ತು.

ಮೊದಲ ಅರ್ಜಿ ಹಿಡಿದುಕೊಂಡು ಬಂದವಳು ಮಹೇಶ್ವರಿ. ಎರಡನೆಯ ವರ್ಷದ ಬಿ.ಕಾಂ. ಹುಡುಗಿ, ಗಡಿಯಂಚಿನ ನಾರಾಯಣಪೇಟೆ ಕಡೆಯವಳು. ಕಾಲೇಜಿನಲ್ಲಿ ಎಲ್ಲರೊಂದಿಗೂ ತೆಲುಗು ಮಾತಾಡಿಕೊಂಡಿದ್ದ ಈಕೆ ಒಂದು ದಿನ ಮೆಟ್ಟಿಲ ಮೇಲೆ ಕೂತು ಫೋನಿನಲ್ಲಿ "ಊಟಾ ಆತೇನ್ ಬೇ ಅವ್ವಾ" ಅಂದಾಗಲೇ ಇವಳು ನಮ್ಮವಳು ಎಂದು ನನಗೆ ಗೊತ್ತಾದದ್ದು. ನಾನು ಬೀದರದವನು. ಅಂದಿನಿಂದ ನನ್ನ ಹತ್ತಿರ ಮಾತ್ರ ಕನ್ನಡ.

"ಸರ, ಪರೀಕ್ಷಾ ಫೀ ಕಟ್ಟಾಕ ಶುಕ್ರವಾರ ಕಡೀ ದಿನ ಐತ್ರಿ. ಸ್ಕಾಲರ್‌ಶಿಪ್ ಮಂಜೂರ್ ಆಗೇತಂತ ಮೆಸೇಜ್ ಬಂದೈತಿ, ರೊಕ್ಕ ಬಂದಿಲ್ಲ. ಕಟ್ಟಲಿಲ್ಲಂದ್ರ ಹಾಲ್ ಟಿಕೆಟ್ ಕೊಡಂಗಿಲ್ಲಂತ. ಒಂದು ವರ್ಷ ಹೋಗ್ತೈತ್ರಿ."

ಅಪ್ಪ ಆಟೋ ಓಡಿಸುತ್ತಾರೆ. ಆಟೋ ಆ ವಾರ ಗ್ಯಾರೇಜಿನಲ್ಲಿ ಮಲಗಿತ್ತು. ಇದನ್ನೆಲ್ಲ ಅವಳು ತಾನಾಗಿ ಹೇಳಲಿಲ್ಲ, ನಾನು ಕೇಳಿದೆ. ಇಷ್ಟೇ ಅಲ್ಲ, ತಿಂಗಳಿಗೆ ಎಷ್ಟು ದುಡಿಯುತ್ತಾರೆ, ಬೇರೆ ಯಾರನ್ನಾದರೂ ಕೇಳಿದ್ದೀಯಾ, ಇಷ್ಟು ದಿನ ಏನು ಮಾಡುತ್ತಿದ್ದೆ ಎಂದೂ ಕೇಳಿದೆ. ಸಾಲ ಕೊಡುವ ಕುರ್ಚಿಗೆ ಏನೋ ಗುಣವಿದೆ, ಕೂತವನ ದನಿ ತಾನಾಗಿ ದಪ್ಪವಾಗುತ್ತದೆ. ಅವಳು ದುಪಟ್ಟಾದ ಅಂಚು ಸುತ್ತುತ್ತ ಎಲ್ಲದಕ್ಕೂ ಉತ್ತರ ಕೊಟ್ಟಳು. ಕೊನೆಗೆ ನಾನು, "ಎಲ್ಲ ಸರಿಯಾಗಿದೆ, ಜಾಮೀನಿಗೆ ಒಬ್ಬರ ಸಹಿ ಬೇಕು ಅಷ್ಟೇ. ಅದನ್ನು ನಾನೇ ನೋಡ್ತೀನಿ" ಎಂದು ದೊಡ್ಡ ಮನುಷ್ಯನ ಹಾಗೆ ಹೇಳಿ ಕಳಿಸಿದೆ.

ಮೊದಲು ನಾನೇ ಹಾಕೋಣವೆಂದು ಪೆನ್ನು ತೆಗೆದೆ. ಸ್ಕೂಟರ್ ನೆನಪಾಯಿತು. ಪ್ರಿನ್ಸಿಪಾಲರ ಬಳಿ ಹೋದೆ. ಬೇಗಂಪೇಟೆಯಲ್ಲಿ ಸಾಲ ಮಾಡಿ ಫ್ಲ್ಯಾಟ್ ಕೊಂಡಿದ್ದ ಅವರು, ನಿವೃತ್ತಿಯಾದ ಮೇಲೂ ಆ ಸಾಲ ತಮ್ಮ ಜೊತೆಗಿರುತ್ತದೆ, ಮಕ್ಕಳು ಇರುತ್ತಾರೋ ಇಲ್ಲವೋ ಎಂದು ನಕ್ಕರು. ರೆಡ್ಡಿಗಾರು ಮಗಳ ಮದುವೆಗೆ ಒಡವೆ ಅಡವಿಟ್ಟಿದ್ದರು. ಲೈಬ್ರರಿಯವರು ಮಾತ್ರ ಎದೆ ತಟ್ಟಿಕೊಂಡು, "ಸಂಘದ್ದು ತೀರಿಸಿ ಆಯ್ತು, ನನ್ನ ಮೇಲೆ ನಯಾ ಪೈಸೆ ಸಾಲವಿಲ್ಲ, ಒಂದು ಚೀಟಿ ಎತ್ತಿದೀನಿ ಅಷ್ಟೇ" ಅಂದರು. ಚೀಟಿ ಎತ್ತಿ ದುಡ್ಡು ತಗೊಂಡಾಗಿದೆ, ಇನ್ನು ತಿಂಗಳು ತಿಂಗಳು ಕಟ್ಟುತ್ತಿರಬೇಕು. ಇದು ಸಾಲವೇ ಅಲ್ಲವೇ? ಬೇರೆಯವರಾಗಿದ್ದರೆ ಕಣ್ಣು ಮುಚ್ಚಿಕೊಂಡು ಸಹಿ ಹಾಕಿಸುತ್ತಿದ್ದರು. ನಾನು ಬ್ಯಾಂಕಿಂಗ್ ಮೇಷ್ಟ್ರು ನೋಡಿ, ಅರ್ಧ ಗಂಟೆ ವಾದ ಮಾಡಿ, ಅದು ಸಾಲವೇ ಎಂದು ಸಾಧಿಸಿ ಗೆದ್ದೆ. ಗೆದ್ದು ಹೊರಗೆ ಬಂದಾಗ ಕೈಯಲ್ಲಿದ್ದ ಅರ್ಜಿ ಹಾಗೇ ಇತ್ತು.

ವಿಚಿತ್ರವೆಂದರೆ, ಹೀಗೆ ಒಬ್ಬೊಬ್ಬರ ಬಾಗಿಲು ತಟ್ಟುತ್ತ ಹೋದಂತೆ ಅವರ ಮೇಲೆ ನನಗೆ ಮೊದಲಿಗಿಂತ ಪ್ರೀತಿ ಹುಟ್ಟಿತು. ಇಷ್ಟು ವರ್ಷ ಒಟ್ಟಿಗೆ ಚಹಾ ಕುಡಿದಿದ್ದೇವೆ, ಯಾರ ಹೆಗಲ ಮೇಲೆ ಎಷ್ಟು ಭಾರವಿದೆ ಎಂದು ಗೊತ್ತಿರಲಿಲ್ಲ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬರುವ ನಾವೆಲ್ಲ ಯಾರೋ ನಮ್ಮನ್ನು ನಂಬಿದ್ದರಿಂದ ನಿಂತಿದ್ದೇವೆ. ಹದಿಹರೆಯ ದಾಟದ ಮಕ್ಕಳ ಮುಂದೆ ಮಾತ್ರ, ನಂಬಿಕೆಗೆ ಪುರಾವೆ ತಗೊಂಡು ಬಾ ಅನ್ನುತ್ತೇವೆ.

ಕೊನೆಗೆ ಒಬ್ಬರು ಸಿಕ್ಕರು, ಸಂಖ್ಯಾಶಾಸ್ತ್ರದ ಮೂರ್ತಿಗಾರು. ಸ್ವಂತ ಮನೆ, ಹಳೇ ಸೈಕಲ್ಲು, ಮನೆಯಿಂದ ತಂದ ಮೊಸರನ್ನ. ಸಾಲವೇ ಇಲ್ಲ, ನಿಜವಾಗಿ ಇಲ್ಲ. ಕುಣಿಯುವಷ್ಟು ಸಂತೋಷವಾಗಿ ಅರ್ಜಿ ಮುಂದೆ ಹಿಡಿದೆ. ಅವರು ಕನ್ನಡಕ ಏರಿಸಿ, ಪೂರ್ತಿ ಓದಿ, ಜೋಪಾನವಾಗಿ ಮಡಚಿ ವಾಪಸು ಕೊಟ್ಟರು.

"ನನಗೆ ಸಾಲ ಯಾಕಿಲ್ಲ ಗೊತ್ತಾ ಮಾಸ್ಟಾರೂ? ಈ ಜನ್ಮದಲ್ಲಿ ಯಾರ ಕಾಗದಕ್ಕೂ ನಾನು ಸಹಿ ಹಾಕಿಲ್ಲ."

ಅದರಲ್ಲಿ ತಪ್ಪು ಹುಡುಕಲು ನನ್ನಿಂದಾಗಲಿಲ್ಲ. ಸಹಿ ಹಾಕುವ ಮನಸ್ಸಿದ್ದವರಿಗೆಲ್ಲ ಸಾಲವಿತ್ತು, ಸಾಲವಿಲ್ಲದವರಿಗೆ ಸಹಿ ಹಾಕುವ ಮನಸ್ಸಿರಲಿಲ್ಲ. ನಿಯಮ ತಿದ್ದಲು ಸಭೆ ಕರೆಯಬೇಕು, ಸಭೆ ಕರೆಯಲು ವಾರ ಮೊದಲು ನೋಟಿಸ್ ಕೊಡಬೇಕು. ಅದನ್ನು ಬರೆದವನೂ ನಾನೇ. ಅಷ್ಟರಲ್ಲಿ ಗುರುವಾರ ಮುಗಿಯುತ್ತ ಬಂದಿತ್ತು. ಕಾರಿಡಾರಿನಲ್ಲಿ ಎದುರಾದ ಮಹೇಶ್ವರಿ ಏನೂ ಕೇಳಲಿಲ್ಲ, ಸುಮ್ಮನೆ ನನ್ನ ಮುಖ ನೋಡಿದಳು. ಕೇಳಿದ್ದರೆ ಏನಾದರೊಂದು ಸಬೂಬು ಹೇಳಬಹುದಿತ್ತು.

ಅಂದು ಸಂಜೆ ಮನೆಯಲ್ಲಿ ನನ್ನ ಹೆಂಡತಿ ಸುಮಿತ್ರಾ ಮೆಂತ್ಯ ಸೊಪ್ಪು ಬಿಡಿಸುತ್ತ ಕೂತಿದ್ದಳು. ತಂಗಿಯ ಮನೆಯ ಸೀಮಂತಕ್ಕೆ ಸುಲ್ತಾನ್ ಬಜಾರಿನಲ್ಲಿ ಸೀರೆ ತರಬೇಕೆಂದು ಅವಳು ಒಂದಿಷ್ಟು ದುಡ್ಡು ಎತ್ತಿಟ್ಟದ್ದು ನನಗೆ ಗೊತ್ತಿತ್ತು. ತಿಂಗಳ ಕೊನೆ, ನನ್ನ ಜೇಬಿನಲ್ಲಿ ಒಂದಿಷ್ಟು ಚಿಲ್ಲರೆ ಮಾತ್ರ. ಎದುರಿಗೆ ಕೂತು ಒಂದು ಕಟ್ಟು ಮೆಂತ್ಯ ನಾನೂ ಕೈಗೆತ್ತಿಕೊಂಡೆ.

"ಏನ್ ಬೇಕಾಗೇತಿ?" ಅಂದಳು. ಮದುವೆಯಾಗಿ ಇಷ್ಟು ವರ್ಷದಲ್ಲಿ ನಾನು ಸುಮ್ಮನೆ ಮೆಂತ್ಯ ಮುಟ್ಟಿದವನಲ್ಲ.

"ಸ್ವಲ್ಪ ರೊಕ್ಕ ಬೇಕಾಗಿತ್ತು. ನನಗಲ್ಲ, ಒಬ್ಬರು ಪರಿಚಯದವರಿಗೆ."

"ಯಾರ್ರಿ ಆ ಪರಿಚಯದವ್ರು? ಎದಕ್ಕ ಬೇಕಂತ? ತಿಂಗಳಿಗೆ ಎಷ್ಟ್ ದುಡೀತಾರ? ಬ್ಯಾರೆ ಯಾರನ್ನೂ ಕೇಳಿಲ್ಲೇನು? ಇಷ್ಟ್ ದಿನ ಏನ್ ಮಾಡಾಕತ್ತಿದ್ರು? ನಡುವ ಜಾಮೀನಿಗೆ ಯಾರದಾರ?"

ಅವಳು ಬ್ಯಾಂಕಿಂಗ್ ಓದಿದವಳಲ್ಲ. ಆದರೂ ನಾನು ಕೇಳಿದ್ದರಲ್ಲಿ ಒಂದು ಪ್ರಶ್ನೆಯನ್ನೂ ಬಿಡಲಿಲ್ಲ. ಐವತ್ತು ದಾಟಿದ, ಸಂಬಳ ಬರುವ ಗಂಡಸು, ಸ್ವಂತ ಹೆಂಡತಿಯ ಮುಂದೆ, ಅದೂ ಬೇರೆಯವರಿಗಾಗಿ ಕೇಳುವಾಗ ನಾಲಿಗೆ ಹೀಗೆ ಅಂಟಿಕೊಂಡರೆ, ಆ ಹುಡುಗಿ ನನ್ನ ಮೇಜಿನ ಮುಂದೆ ಅಷ್ಟು ಹೊತ್ತು ಹೇಗೆ ನಿಂತಿದ್ದಳು? ನನಗೆ ನಾಚಿಕೆಯಾಯಿತು. ಮೆಂತ್ಯ ಕೆಳಗಿಟ್ಟು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

"ಹುಡುಗಿ ಪರೀಕ್ಷಾಕ್ಕಂತ ಮೊದಲ ಹೇಳಬಾರದೇನ್ರಿ? ಸುಳ್ಳ ಯಾಕ ಹೇಳ್ತೀರಿ?" ಎಂದು ಅವಳು ಎದ್ದು ಹೋಗಿ ದುಡ್ಡು ತಂದಳು. ಕೈಗೆ ಕೊಡುವ ಮುಂಚೆ ಒಂದು ಮಾತು ಸೇರಿಸಿದಳು: "ಇದು ನಾ ಆಕಿಗೆ ಕೊಟ್ಟದ್ದಲ್ಲ, ನಿಮಗ ಕೊಟ್ಟದ್ದು. ಆಕಿ ಕೊಡ್ಲಿ ಬಿಡ್ಲಿ, ನನಗ ನೀವು ಕೊಡಬೇಕು."

ಶುಕ್ರವಾರ ಶುಲ್ಕ ಕಟ್ಟಿದ್ದಾಯಿತು. ಮಹೇಶ್ವರಿ ಪರೀಕ್ಷೆ ಬರೆದಳು. ಸ್ಕಾಲರ್‌ಶಿಪ್ಪೂ ತನಗೆ ಬಿಡುವಾದಾಗ ಬಂತು. ಬಂದ ಮರುದಿನವೇ ಅವಳು ದುಡ್ಡು ತಂದು ಎರಡೂ ಕೈಯಿಂದ ಕೊಟ್ಟು, ಹೋಗದೆ ಅಲ್ಲೇ ನಿಂತಳು.

"ಸರ, ಕಾಲೇಜಿನ ಬಾಕಿನೂ ಎಲ್ಲಾ ಕಟ್ಟೀನ್ರಿ. ಈಗ ನನ್ನ ಮ್ಯಾಲ ಯಾರ ಸಾಲಾನೂ ಇಲ್ಲ. ಫಸ್ಟ್ ಇಯರ್ ಹುಡುಗಿಯೊಬ್ಬಾಕಿಗೆ ಹಾಸ್ಟೆಲ್ ಫೀ ಕಟ್ಟಾಕ ಆಗವಲ್ತು. ಆಕಿಗೆ ನಾ ಜಾಮೀನು ಹಾಕಬಹುದೇನ್ರಿ?"

ನಾನು ನನ್ನದೇ ನಿಯಮವನ್ನು ಮತ್ತೆ ಓದಿದೆ. ಕಾಲೇಜಿಗೆ ಸೇರಿದವರು, ಸಾಲವಿಲ್ಲದವರು. ಮೇಷ್ಟ್ರೇ ಆಗಿರಬೇಕೆಂದು ಎಲ್ಲೂ ಇರಲಿಲ್ಲ. ಪ್ರಿನ್ಸಿಪಾಲ್ ಮೇಡಂ ಅರ್ಜಿಯನ್ನೂ ಹುಡುಗಿಯನ್ನೂ ನೋಡಿ ಮಂಜೂರು ಮಾಡಿದರು. ನಮ್ಮ ನಿಧಿಯಿಂದ ಹೊರಬಿದ್ದ ಮೊದಲ ಸಾಲ ಅದು. ಇಡೀ ಕಾಲೇಜಿನಲ್ಲಿ ಸಾಲವೂ ಇಲ್ಲದ, ಸಹಿ ಹಾಕುವ ಮನಸ್ಸೂ ಇದ್ದ ಒಬ್ಬಳೇ ಒಬ್ಬಳು ಹೀಗೆ ಸಿಕ್ಕಳು.

ಇಷ್ಟಕ್ಕೇ ನಿಲ್ಲಿಸಿದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಆದರೆ ಮಹೇಶ್ವರಿ ದುಡ್ಡು ಕೊಟ್ಟ ವಾರವೇ ಫ್ರಿಜ್ಜಿನ ಕಂತು ಬಂತು, ಹಿಂದೆಯೇ ಸ್ಕೂಟರಿನ ಟೈರು ಕೈಕೊಟ್ಟಿತು. ಮುಂದಿನ ತಿಂಗಳು ಕೊಟ್ಟರಾಯಿತು, ಮನೆಯವಳೇ ತಾನೇ ಅಂದುಕೊಂಡೆ. ನಿನ್ನೆ ಊಟಕ್ಕೆ ಬಡಿಸುತ್ತ ಸುಮಿತ್ರಾ ಕೇಳಿದಳು: "ಆ ಹುಡುಗಿ ರೊಕ್ಕ ಕೊಟ್ಟಳೇನ್ರಿ?"

ಕೊಟ್ಟಳು ಅಂದೆ. ಎಲ್ಲಿ ಅಂದಳು. ಟೈರಿನ ವಿಷಯ ಹೇಳಿದೆ. ಹೇಳುವಾಗ ಮಹೇಶ್ವರಿ ಫಸ್ಟ್ ಇಯರ್ ಹುಡುಗಿಗೆ ಜಾಮೀನು ನಿಂತ ಸಂಗತಿಯನ್ನೂ ಹೇಳಿದೆ, ಮಾತು ಆ ಕಡೆ ಹೊರಳಲಿ ಎಂದು. ಸುಮಿತ್ರಾ ಎಲ್ಲ ಕೇಳಿಸಿಕೊಂಡು, ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು.

"ಭಾಳ ಚಲೋ ಆತು. ಮುಂದಿನ ಸರ್ತಿ ನನ್ನ ಹತ್ತರ ರೊಕ್ಕ ಕೇಳಾಕ ಬರೋವಾಗ ಆ ಹುಡುಗಿನ್ನ ಜಾಮೀನಿಗೆ ಕರ್ಕೊಂಡ ಬರ್ರಿ."

ಮಹೇಶ್ವರಿ ಇಲ್ಲ ಅನ್ನುವ ಹುಡುಗಿಯಲ್ಲ. ಆದರೆ ಅವಳ ಮುಂದೆ ಹೋಗಿ ನಿಂತು ಹೇಗೆ ಕೇಳುವುದು ಎನ್ನುವುದೇ ಬೆಳಗಿನಿಂದ ನನಗೆ ಹೊಳೆಯುತ್ತಿಲ್ಲ.