ದೇವರ ಕೋಣೆಯ ರೂಟರ್

ನಮ್ಮ ಮನೆಯಲ್ಲಿ ಒಂದು ಬಲ್ಬ್ ಬದಲಾಯಿಸಬೇಕಾದರೂ ಎಲ್ಲರ ಒಪ್ಪಿಗೆ ಬೇಕು. ಹಾಗಿರುವಾಗ ಹಳೇ ವೈಫೈ ರೂಟರ್ ತೆಗೆಯುವುದೆಂದರೆ ರಾಮಾಯಣ ಆಗದೆ ಇರುತ್ತದೆಯೇ? ನನಗೋ ತಲೆಬಿಸಿ. ಡೊಂಬಿವಲಿಯಿಂದ ಲೋಕಲ್ ರೈಲಿಗೆ ನುಗ್ಗಿ, ಠಾಣೆ ಸ್ಟೇಷನ್ನಿನಲ್ಲಿ ಗಾಡಿ ಬದಲಿಸಿ ಐರೋಲಿಯ ಆಫೀಸಿಗೆ ಹೋಗುವವನು ನಾನು. ವಾರಕ್ಕೆರಡು ದಿನ ಮನೆಯಿಂದಲೇ ಕೆಲಸ ಮಾಡಲು ಹೇಗೋ ಒಪ್ಪಿಗೆ ಸಿಕ್ಕಿತ್ತು. ಆದರೆ ಬಾಸ್ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು: "ಮೀಟಿಂಗ್ ನಡುವೆ ಇನ್ನೊಮ್ಮೆ ಮಾಯವಾದರೆ ದಿನಾ ಆಫೀಸಿಗೇ ಬಾ."

ಮಧ್ಯಾಹ್ನದ ವಿಶ್ರಾಂತಿ

ಅಪ್ಪ ಠಾಣೆಯ ಒಂದು ಉಡುಪಿ ಹೋಟೆಲಿನಲ್ಲಿ ಮ್ಯಾನೇಜರ್ ಆಗಿದ್ದು ನಿವೃತ್ತರಾದವರು. ನಾನು ಮನೆಯಲ್ಲಿದ್ದ ದಿನವೆಲ್ಲ ಊಟವಾದ ಮೇಲೆ ನೆಟ್ ಹೋಗುತ್ತಿತ್ತು. ಕಂಪನಿಯವರಿಗೆ ಫೋನ್ ಮಾಡಿ ಬೈದೆ. ಪಾಪ, ಅವರು "ಲೈನ್ ಸರಿಯಿದೆ ಸಾರ್" ಎಂದು ಹೇಳಿ ಹೇಳಿ ಸುಸ್ತಾದರು. ಕೊನೆಗೆ ನೋಡಿದರೆ ಅಪ್ಪನೇ ರೂಟರಿನ ಸ್ವಿಚ್ ಬಂದ್ ಮಾಡಿ ಮಲಗುತ್ತಿದ್ದಾರೆ!

"ಅಪ್ಪಾ, ಎಂಥ ಮಾಡ್ತೀರಿ ಮಾರಾಯ್ರೆ!"

"ಮುಟ್ಟಿ ನೋಡಿದ್ದೀಯಾ? ಕೆಂಡದ ಹಾಗೆ ಬಿಸಿ. ಹೋಟೆಲಿನಲ್ಲಿ ಊಟದ ಗಲಾಟೆ ಮುಗಿದ ಮೇಲೆ ಅಡುಗೆ ಭಟ್ಟರಿಗೂ ರೆಸ್ಟ್, ಒಲೆಗೂ ರೆಸ್ಟ್. ಇದು ಮುದಿ ಜೀವ. ಚಾ ಹೊತ್ತಿಗೆ ಶುರು ಮಾಡಿದರೆ ಸಾಕು."

ಅಮಾವಾಸ್ಯೆ

ರೋಸಿಹೋಗಿ, ಬಿಸಿಯಾಗದಂಥ ಹೊಸ ರೂಟರ್ ತಂದೆ. ಮಗಳು ಕುಣಿದಾಡಿದಳು. ಅಮ್ಮ ಡಬ್ಬ ಬಿಚ್ಚಲು ಬಿಡಲಿಲ್ಲ.

"ಅಮಾವಾಸ್ಯೆ ಎದುರಿಗಿಟ್ಟುಕೊಂಡು ಹೊಸದು ಶುರು ಮಾಡುವುದುಂಟಾ?"

ಮಗಳು ಕೇಳಿದಳು, "ಅಜ್ಜೀ, ವೈಫೈ ಕೋ ಕ್ಯಾ ಪತಾ ಅಮಾವಾಸ್ಯಾ?"

"ಅದಕ್ಕೆ ಗೊತ್ತಿಲ್ಲದಿದ್ದರೇನು, ನಮಗೆ ಗೊತ್ತುಂಟಲ್ಲ!"

ಸ್ನಾನ ಆಯ್ತಾ?

ಕೇಬಲಿನವನು ವಯರ್ ಎಳೆದದ್ದು ದೇವರ ಕೋಣೆಯ ಕಿಟಕಿಯಿಂದ. ಹಾಗಾಗಿ ಹಳೇ ರೂಟರ್ ಅಲ್ಲೇ, ದೇವರ ಪಕ್ಕದಲ್ಲೇ. ಅಮಾವಾಸ್ಯೆಯ ಬೆಳಿಗ್ಗೆಯೇ ದೊಡ್ಡ ಮೀಟಿಂಗ್. ಸ್ನಾನ ಆಮೇಲೆ ಮಾಡಿದರಾಯಿತು ಎಂದು ಮೇಲೆ ಇಸ್ತ್ರಿ ಶರ್ಟು, ಕೆಳಗೆ ಲುಂಗಿಯಲ್ಲಿ ಕೂತೆ. ಬಾಸ್ ನನ್ನ ಹೆಸರು ಕರೆದರು, ಹಳೇ ರೂಟರ್ ಕೈಕೊಟ್ಟು ನೆಟ್ ನಿಂತಿತು. ಫೋನಿನ ಡಾಟಾ ಮಗಳ ರೀಲ್ಸಿಗೆ ಬಲಿಯಾಗಿತ್ತು. ರೂಟರ್ ಬಂದ್ ಮಾಡಿ ಮತ್ತೆ ಹಾಕೋಣವೆಂದು ದೇವರ ಕೋಣೆಗೆ ಓಡಿದರೆ ಅಮ್ಮ ಬಾಗಿಲಿಗೆ ಅಡ್ಡ.

"ಸ್ನಾನ ಆಯ್ತಾ?"

"ಅಮ್ಮಾ, ನನ್ನ ಹೊಟ್ಟೆಪಾಡು!"

"ಅದನ್ನು ಕೊಡುವವನೇ ಒಳಗೆ ಕೂತಿದ್ದಾನೆ. ಮೈಲಿಗೆ ಮಾಡಬೇಡ."

"ಹಾಗಾದ್ರೆ ನೀನೇ ಗುಂಡಿ ಒತ್ತು!"

"ನಾನಿಲ್ಲಪ್ಪ. ಹೋದ ಸಲ ಒತ್ತಿ, ಪಾಸ್‌ವರ್ಡೆಲ್ಲ ಅಳಿಸಿ, ನಿನ್ನ ಬೈಗುಳ ತಿಂದದ್ದು ಸಾಕು."

ಬಚ್ಚಲಿಗೆ ನುಗ್ಗಿ ತಣ್ಣೀರು ಸುರಿದುಕೊಂಡೆ. ಒದ್ದೆ ಪಂಚೆಯಲ್ಲೇ ಹೋಗಿ ಗುಂಡಿ ಒತ್ತಿ, ಕಾಲ್ ಬಂತೇ ಎಂದು ಲ್ಯಾಪ್‌ಟಾಪಿಗೆ ಬಗ್ಗಿದೆ. ಬಂದಿತ್ತು. ಬಾಸ್, ಅವರ ಬಾಸ್, ಎಲ್ಲರೂ ಸಾಲಾಗಿ ಕೂತು ನೀರು ತೊಟ್ಟಿಕ್ಕುವ ನನ್ನ ಬರಿಮೈ ನೋಡುತ್ತಿದ್ದರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಬಾಸ್ ಕೆಮ್ಮಿದರು. "ನೀನು ಇನ್ನು ದಿನಾ ಮನೆಯಿಂದಲೇ ಕೆಲಸ ಮಾಡು. ಆಫೀಸಿಗೆ ಬರುವುದೇ ಬೇಡ. ಕ್ಯಾಮೆರಾ ಒಂದು ಬಂದ್ ಇಡು."

ಆಗಷ್ಟೇ ತರಕಾರಿ ಚೀಲ ಹಿಡಿದು ಒಳಗೆ ಬಂದಿದ್ದ ಅಪ್ಪ ಅದನ್ನು ಕೇಳಿಸಿಕೊಂಡು ಹೇಳಿದರು: "ನೋಡಿದೆಯಾ? ನಿನ್ನ ರೈಲಿನ ಗುದ್ದಾಟ ತಪ್ಪಿಸಿದ್ದು ಹಳೇ ರೂಟರೇ. ಆ ಹೊಸದನ್ನು ಅಂಗಡಿಗೆ ವಾಪಸ್ ಕೊಟ್ಟು ಬಾ!"