ಕುರಿ ಬಂದವು, ಬಿಡುಗಡೆ ಬರಲಿಲ್ಲ

‘ನನಗೆ ಗೊತ್ತಿಲ್ಲ’ ಎಂಬ ಎರಡು ಮಾತು ನನ್ನ ಬಾಯಿಂದ ಸುಲಭವಾಗಿ ಹೊರಡುವುದಿಲ್ಲ. ನಮ್ಮ ತಂಬ್ರಹಳ್ಳಿಯಲ್ಲಿ ಯಾರ ಮನೆಯ ಜಗಳವೇ ಕಟ್ಟೆಗೆ ಬರಲಿ, ಅದಕ್ಕಿಂತ ಮೊದಲೇ ನಾನು ಅಲ್ಲಿ ಕೂತಿರುತ್ತೇನೆ. ಕೇಳಿದವರಿಗೆ ಬುದ್ಧಿ ಹೇಳುತ್ತೇನೆ, ಕೇಳದವರಿಗೆ ಇನ್ನೂ ಒಂದಿಷ್ಟು ಹೆಚ್ಚಿಗೆ ಹೇಳುತ್ತೇನೆ. ಹೀಗಿರುವಾಗ ಸ್ವಂತ ತಂಗಿ ಮಲ್ಲಮ್ಮ ಸಂಸಾರ ಸಾಕಾಗಿ ಹಿರೇಹಡಗಲಿಯಿಂದ ತವರಿಗೆ ಬಂದರೆ, ಅವಳಿಗೆ ಬಿಡುಗಡೆ ಕೊಡಿಸಲು ನಾನು ಇನ್ನೊಬ್ಬರನ್ನು ಕೇಳುತ್ತೇನೆಯೇ?

ಕುರಿ ಸಾಕುವ ನಮ್ಮ ಮನೆತನದಲ್ಲಿ ಮಗಳ ಜೊತೆ ಕೆಲವು ಕುರಿಗಳನ್ನೂ ಕಳಿಸುತ್ತೇವೆ. ಸಂಬಂಧ ಮುರಿದರೆ ಹಿರಿಯರು ಕೂತು ಅವನ್ನು ವಾಪಸು ಕೊಡಿಸುತ್ತಾರೆ. ಅಲ್ಲಿಗೆ ಮದುವೆ ಮುಗಿಯಿತೆಂದೇ ನಮ್ಮ ನಂಬಿಕೆ. ನಾನೂ ಹಾಗೇ ಮಾಡಿಸಿದೆ. ಕುರಿಗಳು ಮರಿಗಳ ಸಮೇತ ಟಂಟಂ ಗಾಡಿಯಲ್ಲಿ ಬಂದಿಳಿದವು. ಇಡೀ ಓಣಿ ನನ್ನನ್ನು ಹೊಗಳುತ್ತಿದ್ದಾಗ ಅವುಗಳಲ್ಲೊಂದು ನನ್ನ ಪಂಚೆಯ ಅಂಚು ತಿನ್ನುತ್ತಿತ್ತು.

ವರ್ಷ ಕಳೆದ ಮೇಲೆ ಕೊಟ್ಟೂರಿನಿಂದ ಒಂದು ಸಂಬಂಧ ಬಂತು. ಮಲ್ಲಮ್ಮನಿಗೂ ಮನಸ್ಸಿತ್ತು. ಆದರೆ ಆ ವರ ಮೊದಲು ಕೇಳಿದ್ದೇ, “ಕೋರ್ಟಿನ ಆದೇಶ ಐತೇನ್ರಿ?” ಎಂದು. ಹಗರಿಬೊಮ್ಮನಹಳ್ಳಿಯ ವಕೀಲಮ್ಮನ ಬಳಿ ಅಣ್ಣ ತಂಗಿ ಇಬ್ಬರೂ ಓಡಿದೆವು. ನಾನು ಕುರಿಗಳ ಕಥೆಯನ್ನು ವಿಸ್ತಾರವಾಗಿ ಹೇಳಿದೆ.

“ಕುರಿ ಬಿಡಿಸ್ಕೊಂಡು ಬಂದೀರಿ, ತಂಗೀನ ಬಿಡಿಸಿಲ್ರಿ,” ಎಂದರು ಅವರು. “ಕಾನೂನಿನ ಪ್ರಕಾರ ಈಕಿ ಇನ್ನೂ ಅವನ ಹೆಂಡ್ತಿನ ಅದಾಳ. ಹಿಂಗ ಇನ್ನೊಂದು ಮದುವಿ ಮಾಡಿದ್ರ ನಿಲ್ಲಂಗಿಲ್ಲ.”

ಮಲ್ಲಮ್ಮನ ಕಣ್ಣು ತುಂಬಿದವು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

“ಅಳಬ್ಯಾಡವಾ,” ಎಂದರು ವಕೀಲಮ್ಮ. “ಗಂಡ ಹೆಂಡ್ತಿ ಇಬ್ರೂ ಒಪ್ಪಿದ್ರ ಕೂಡಿ ವಿಚ್ಛೇದನಕ್ಕ ಅರ್ಜಿ ಹಾಕ್ರಿ. ಆರು ತಿಂಗಳು ಬಿಟ್ಟು ಜಡ್ಜ್ ಸಾಹೇಬ್ರು ಮತ್ತ ಕರೆದು ಕೇಳ್ತಾರ. ಫೀಜಿನ ಚಿಂತಿ ಬ್ಯಾಡ, ಹೆಣ್ಣುಮಕ್ಕಳಿಗಿ ಕಾನೂನು ಸೇವಾ ಸಮಿತಿಯಿಂದ ಪುಕ್ಕಟೆ ವಕೀಲ್ರು ಸಿಗ್ತಾರ.”

ಗಂಡ ಸತಾಯಿಸುತ್ತಾನೆಂದು ಹೆದರಿದ್ದೆ. ಅವನೂ ಹೆಣ್ಣು ನೋಡುತ್ತಿದ್ದನಂತೆ, ನಮಗಿಂತ ಮೊದಲೇ ಬಂದು ಸಹಿ ಹಾಕಿದ. ಆರು ತಿಂಗಳು ನಾನು ಕಟ್ಟೆಯ ಕಡೆ ಮುಖ ಹಾಕಲಿಲ್ಲ.

ಆದೇಶ ಕೈಗೆ ಬಂದ ದಿನ ಮಲ್ಲಮ್ಮ ಕೋರ್ಟಿನ ಮೆಟ್ಟಿಲ ಮೇಲೆ ಕೂತು ಮನಸಾರೆ ಅತ್ತಳು, ಆಮೇಲೆ ಎರಡು ಪ್ಲೇಟು ಮಿರ್ಚಿ ಬಜ್ಜಿ ತಿಂದಳು. ಎಷ್ಟೋ ಕಾಲದ ಮೇಲೆ ಅವಳು ರುಚಿಯಿಂದ ತಿನ್ನುವುದನ್ನು ಕಂಡು ನನ್ನ ಜೀವ ಹಗುರಾಯಿತು. ಹುಮ್ಮಸ್ಸಿನಿಂದ, “ನಾಳೆನ ಕೊಟ್ಟೂರಿಗಿ ಹೋಗಿ ಮದುವಿ ಮಾತು ಮುಗಿಸ್ತೀನಿ,” ಎಂದೆ.

ಅವಳು ಕೈ ಒರೆಸಿಕೊಂಡಳು. “ಬ್ಯಾಡಣ್ಣ. ಹೋದ ಸಲ ನನ್ನ ಮದುವಿ ಮಾತು ನೀನ ಆಡಿದ್ದಿ. ಈ ಸಲ ನಾನ ಮಾತಾಡ್ತೀನಿ.”

ಅವಳಿಗೆ ಬಿಡುಗಡೆ ಸಿಕ್ಕಿದ್ದು ಗಂಡನಿಂದ ಮಾತ್ರ ಎಂದುಕೊಂಡಿದ್ದೆ.